ಭಯೋತ್ಪಾದನಾ ನಿಗ್ರಹ ಕಾಯ್ದೆ: ಚರ್ಚೆಗೆ ಕೂರುವ ಮುನ್ನ ಓದುವ ಕ್ರಮ

ದೊಡ್ಡ ದಾಳಿಯೊಂದು ನಡೆದ ಬೆನ್ನಲ್ಲೇ ಕಠಿಣ ಕಾನೂನಿಗೆ ಬೇಡಿಕೆ ಏಳುತ್ತದೆ, ಮಸೂದೆ ಸಿದ್ಧವಾಗುತ್ತದೆ, ಅದರ ಪ್ರತಿ ಜನರ ಕೈಸೇರುವ ಮೊದಲೇ ಅದು ಕಾಯ್ದೆಯಾಗಿ ಜಾರಿಗೂ ಬಂದಿರುತ್ತದೆ. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಮಂದಿ ಸತ್ತಾಗ ಬ್ರಿಟನ್ನಿನ ಸಂಸತ್ತು ಹತ್ತು ದಿನ ಕಳೆಯುವುದರೊಳಗೆ ಭಯೋತ್ಪಾದನೆ ತಡೆ ಕಾಯ್ದೆಯನ್ನು ತಂದಿತು. ಅಮೆರಿಕದ ಪೇಟ್ರಿಯಟ್ ಕಾಯ್ದೆಗೆ 2001ರ ಸೆಪ್ಟೆಂಬರ್ 11ರ ದಾಳಿಯಾಗಿ 45 ದಿನಗಳಿಗೆ ಅಧ್ಯಕ್ಷರ ಅಂಕಿತ ಬಿತ್ತು. ಸೆನೆಟ್‌ನಲ್ಲಿ ಅದರ ಪರವಾಗಿ 98 ಮತಗಳು ಬಂದರೆ, ವಿರುದ್ಧವಾಗಿ ಬಂದದ್ದು ರಸ್ ಫೈನ್‌ಗೋಲ್ಡ್ ಅವರ ಒಂದೇ ಮತ. 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ ಭಾರತದ ಸಂಸತ್ತಿನ ಎರಡೂ ಸದನಗಳು ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆಗೆ, ಅಂದರೆ ಯುಎಪಿಎಗೆ, ಭಾರಿ ತಿದ್ದುಪಡಿಯನ್ನು ಅಂಗೀಕರಿಸಲು ಒಂದು ತಿಂಗಳೂ ಹಿಡಿಯಲಿಲ್ಲ. ಓದಿ ಚರ್ಚಿಸಬೇಕಾದ ಹೊತ್ತಿನಲ್ಲಿ ಅವಸರ, ಆಮೇಲೆ ವರ್ಷಗಟ್ಟಲೆ ‘ಭದ್ರತೆಯೋ ಸ್ವಾತಂತ್ರ್ಯವೋ’ ಎಂಬ ಮುಗಿಯದ ವಾಗ್ವಾದ.

ಈ ವಾಗ್ವಾದದಲ್ಲಿ ಹುರುಳಿರುವ ಮಾತನ್ನಾಡಬೇಕೆಂಬ ಸಾಮಾನ್ಯ ಓದುಗರಿಗಾಗಿ, ಅಂದರೆ ಕಾನೂನು ಕಲಿಯದಿದ್ದರೂ ಕಾಯ್ದೆಯ ಪುಟ ತೆರೆಯಲು ಹಿಂಜರಿಯದವರಿಗಾಗಿ, ಈ ಕೈಪಿಡಿಯನ್ನು ಬರೆದಿದ್ದೇನೆ. ನನ್ನ ಮುಖ್ಯ ಸಲಹೆ ಒಂದೇ: ಇಂಥ ಕಾಯ್ದೆಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಎಲ್ಲರೂ ವ್ಯಾಖ್ಯೆಯಿಂದ ಆರಂಭಿಸಿ ಶಿಕ್ಷೆಯ ಪ್ರಮಾಣದವರೆಗೆ ಬಂದು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಬಂಧಿತನಾದ ವ್ಯಕ್ತಿಯ ಬದುಕಿನ ಮೇಲೆ ಹೆಚ್ಚು ಪರಿಣಾಮ ಬೀರುವುದು ಜಾಮೀನು, ಕಸ್ಟಡಿ ಮತ್ತು ಸಾಕ್ಷ್ಯದ ನಿಯಮಗಳು. ಅವು ಸಾಮಾನ್ಯವಾಗಿ ಕಾಯ್ದೆಯ ಕೊನೆಯ ಪುಟಗಳಲ್ಲಿ, ‘ಸಂಕೀರ್ಣ’ (ಅಂದರೆ ಇತರೆ ವಿಷಯಗಳು) ಎಂಬಂಥ ಶೀರ್ಷಿಕೆಯ ಕೆಳಗೆ ಇರುತ್ತವೆ.

ಪಠ್ಯವನ್ನು ಆರಿಸಿಕೊಳ್ಳುವುದು

ಎಲ್ಲ ತಿದ್ದುಪಡಿಗಳನ್ನೂ ಒಳಗೊಂಡ ಇತ್ತೀಚಿನ ಪಠ್ಯವನ್ನೇ ಓದಬೇಕು. ಭಾರತದಲ್ಲಿ ಇಂಡಿಯಾ ಕೋಡ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅದು ಸಿಗುತ್ತದೆ. ಯುಎಪಿಎ 1967ರದು ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ 1967ರ ಕಾಯ್ದೆ ಕಾನೂನುಬಾಹಿರ ಚಟುವಟಿಕೆ ಮತ್ತು ಸಂಘಟನೆಗಳನ್ನು ತಡೆಯುವುದಕ್ಕಷ್ಟೇ ಸೀಮಿತವಾಗಿತ್ತು. ಭಯೋತ್ಪಾದನೆಯ ಅಧ್ಯಾಯಗಳು ಅದಕ್ಕೆ ಸೇರಿದ್ದು 2004ರಲ್ಲಿ. ಕಠಿಣ ಜಾಮೀನು ನಿಯಮ ಬಂದದ್ದು 2008ರಲ್ಲಿ. ವ್ಯಕ್ತಿಯೊಬ್ಬನನ್ನೇ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರ ಬಂದದ್ದು 2019ರಲ್ಲಿ. ಹೀಗೆ ಯಾವ ಸೆಕ್ಷನ್ ಯಾವ ವರ್ಷ ಸೇರಿತು ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡರೆ, ಅದನ್ನು ತಂದ ಸರ್ಕಾರ ಯಾವುದು, ಆಗಿನ ಸಂದರ್ಭವೇನು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ. ಒಂದೇ ಪಕ್ಷದ ಮೇಲೆ ಎಲ್ಲ ಹೊಣೆಯನ್ನು ಹೊರಿಸುವ ಚಾಳಿಗೂ ಇದರಿಂದ ಕಡಿವಾಣ ಬೀಳುತ್ತದೆ, ಏಕೆಂದರೆ ಈ ಕಾಯ್ದೆಯನ್ನು ಬಿಗಿಗೊಳಿಸುವುದರಲ್ಲಿ ಎರಡೂ ದೊಡ್ಡ ಪಕ್ಷಗಳ ಕೈಯಿದೆ.

ಜಾಮೀನಿನ ಸೆಕ್ಷನ್ನಿನಿಂದ ಆರಂಭ

ಯುಎಪಿಎಯ 43ಡಿ ಸೆಕ್ಷನ್ನನ್ನು ಉದಾಹರಣೆಗೆ ತೆಗೆದುಕೊಂಡು ನಿಧಾನವಾಗಿ ನೋಡೋಣ. ಸಾಮಾನ್ಯ ಅಪರಾಧಗಳಲ್ಲಿ ಪೊಲೀಸರು 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ತಾನಾಗಿಯೇ ಹುಟ್ಟುತ್ತದೆ. 43ಡಿಯ ಎರಡನೇ ಉಪಸೆಕ್ಷನ್ ಈ ಗಡುವನ್ನು 180 ದಿನಗಳವರೆಗೆ ವಿಸ್ತರಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಸರ್ಕಾರಿ ಅಭಿಯೋಜಕರು ತನಿಖೆಯ ಪ್ರಗತಿಯನ್ನೂ ಇನ್ನಷ್ಟು ಕಾಲ ಏಕೆ ಬೇಕೆಂಬುದಕ್ಕೆ ನಿರ್ದಿಷ್ಟ ಕಾರಣಗಳನ್ನೂ ವರದಿಯಲ್ಲಿ ತಿಳಿಸಬೇಕು ಎಂಬುದಷ್ಟೇ ಷರತ್ತು. ಪೊಲೀಸ್ ಕಸ್ಟಡಿಯ ಮಿತಿ 15 ದಿನಗಳಿಂದ 30 ದಿನಗಳಿಗೆ ಏರುತ್ತದೆ. ನಾಲ್ಕನೇ ಉಪಸೆಕ್ಷನ್ ನಿರೀಕ್ಷಣಾ ಜಾಮೀನಿನ ಬಾಗಿಲನ್ನು ಮುಚ್ಚುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಐದನೆಯದು. ಕೇಸ್ ಡೈರಿಯನ್ನು ಅಥವಾ ಪೊಲೀಸರ ಅಂತಿಮ ವರದಿಯನ್ನು ಪರಿಶೀಲಿಸಿದ ನ್ಯಾಯಾಲಯಕ್ಕೆ, ಆರೋಪವು ಮೇಲ್ನೋಟಕ್ಕೆ ನಿಜವೆಂದು ನಂಬಲು ಸಕಾರಣವಿದೆ ಎನಿಸಿದರೆ ಆರೋಪಿಗೆ ಜಾಮೀನು ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಇಲ್ಲಿ ನ್ಯಾಯಾಧೀಶರು ನೋಡಬೇಕಾದ ಕಾಗದಗಳು ಯಾವುವು ಎಂಬುದನ್ನು ಗಮನಿಸಿ: ಎರಡನ್ನೂ ಬರೆದದ್ದು ತನಿಖಾಧಿಕಾರಿಯೇ. 2019ರ ವಟಾಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗಿನೋಡುವಂತಿಲ್ಲ ಎಂದು ಹೇಳಿದ ಮೇಲೆ ಈ ಗೋಡೆ ಇನ್ನಷ್ಟು ಎತ್ತರವಾಯಿತು. 2021ರಲ್ಲಿ ನಜೀಬ್ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ವಿಚಾರಣೆ ಸಕಾಲದಲ್ಲಿ ಮುಗಿಯುವ ಸಂಭವವಿಲ್ಲದೆ ಆರೋಪಿ ದೀರ್ಘಕಾಲ ಜೈಲಿನಲ್ಲಿದ್ದರೆ ಸಂವಿಧಾನದ 21ನೇ ವಿಧಿಯ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ಆಧಾರದಲ್ಲಿ ಜಾಮೀನು ಕೊಡಬಹುದೆಂದು ತೀರ್ಪಿತ್ತಿತು. 2023ರಲ್ಲಿ ವರ್ನನ್ ಗೊನ್ಸಾಲ್ವಿಸ್ ಪ್ರಕರಣದಲ್ಲಿ, ಸಾಕ್ಷ್ಯಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಮೇಲ್ಪದರದಲ್ಲಾದರೂ ನೋಡಲೇಬೇಕು ಎಂದಿತು. 2024ರ ಫೆಬ್ರವರಿಯಲ್ಲಿ ಗುರ್ವಿಂದರ್ ಸಿಂಗ್ ಪ್ರಕರಣದ ತೀರ್ಪು ಬಿಗಿಯಾದ ನಿಲುವು ತಳೆದರೆ, ಅದೇ ವರ್ಷದ ಆಗಸ್ಟ್‌ನಲ್ಲಿ ಜಲಾಲುದ್ದೀನ್ ಖಾನ್ ಪ್ರಕರಣದ ತೀರ್ಪು, ಜಾಮೀನೇ ನಿಯಮ ಎಂಬ ತತ್ತ್ವ ವಿಶೇಷ ಕಾಯ್ದೆಗಳಿಗೂ ಅನ್ವಯಿಸುತ್ತದೆ ಎಂದಿತು. ಆದ್ದರಿಂದ ‘ಯುಎಪಿಎ ಹಾಕಿದರೆ ಜಾಮೀನು ಸಿಗುವುದೇ ಇಲ್ಲ’ ಎನ್ನುವುದೂ ತಪ್ಪು, ‘ನ್ಯಾಯಾಲಯ ಇದೆಯಲ್ಲ, ಎಲ್ಲ ಸರಿಹೋಗುತ್ತದೆ’ ಎನ್ನುವುದೂ ತಪ್ಪು. ಜಾಮೀನು ಸಿಕ್ಕವರಲ್ಲಿ ಅನೇಕರಿಗೆ ಅದು ಸಿಕ್ಕಿದ್ದೇ ವರ್ಷಗಳು ಕಳೆದ ಮೇಲೆ, ಆ ವಿಳಂಬದ ಕಾರಣಕ್ಕೇ.

ಇನ್ನೂ ಒಂದು ಸೂಕ್ಷ್ಮವಿದೆ, ಪತ್ರಿಕೆಗಳಲ್ಲಿ ಅದು ಬಹುಮಟ್ಟಿಗೆ ಕಾಣಿಸುವುದಿಲ್ಲ. 43ಡಿಯ ಐದನೇ ಉಪಸೆಕ್ಷನ್ ಅನ್ವಯಿಸುವುದು ಕಾಯ್ದೆಯ ನಾಲ್ಕು ಮತ್ತು ಆರನೇ ಅಧ್ಯಾಯದ ಅಪರಾಧಗಳಿಗೆ ಮಾತ್ರ. 13ನೇ ಸೆಕ್ಷನ್, ಅಂದರೆ ‘ಕಾನೂನುಬಾಹಿರ ಚಟುವಟಿಕೆ’ಗೆ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸುವ ಸೆಕ್ಷನ್, ಮೂರನೇ ಅಧ್ಯಾಯದಲ್ಲಿದೆ. ಹಾಗಾಗಿ ಒಬ್ಬರ ಮೇಲೆ 13ನೇ ಸೆಕ್ಷನ್ ಮಾತ್ರ ಇದೆಯೋ, ಜೊತೆಗೆ ಒಳಸಂಚಿನ 18ನೆಯದೂ ಸೇರಿದೆಯೋ ಎಂಬುದರ ಮೇಲೆ ಆ ವ್ಯಕ್ತಿ ತಿಂಗಳೊಳಗೆ ಮನೆ ಸೇರುತ್ತಾನೋ, ವರ್ಷಗಟ್ಟಲೆ ಒಳಗಿರುತ್ತಾನೋ ಎಂಬುದು ನಿರ್ಧಾರವಾಗಬಹುದು. ಯಾವುದೇ ಪ್ರಕರಣದ ಬಗ್ಗೆ ಮಾತನಾಡುವ ಮೊದಲು ಸೆಕ್ಷನ್‌ಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿ.

ಸಾಕ್ಷ್ಯದ ನಿಯಮವನ್ನೂ ಇದೇ ಕಣ್ಣಿನಿಂದ ಓದಬೇಕು. 1987ರ ಟಾಡಾ, ಅಂದರೆ ಭಯೋತ್ಪಾದಕ ಮತ್ತು ವಿಧ್ವಂಸಕ ಚಟುವಟಿಕೆಗಳ (ತಡೆ) ಕಾಯ್ದೆಯ 15ನೇ ಸೆಕ್ಷನ್, ಸೂಪರಿಂಟೆಂಡೆಂಟ್ ದರ್ಜೆಗಿಂತ ಕೆಳಗಿಲ್ಲದ ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸಲು ಬಿಟ್ಟಿತ್ತು; ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಆ ಬೆಲೆಯಿಲ್ಲ. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ 26 ಮಂದಿಗೆ ಮರಣದಂಡನೆ ವಿಧಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಟಾಡಾದ ಭಯೋತ್ಪಾದನಾ ಅಪರಾಧವೇ ಸಾಬೀತಾಗಿಲ್ಲವೆಂದು ಹೇಳಿ 19 ಮಂದಿಯನ್ನು ಬಿಡುಗಡೆ ಮಾಡಿತು, ನಾಲ್ವರ ಮರಣದಂಡನೆಯನ್ನು ಎತ್ತಿಹಿಡಿಯಿತು, ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆದರೆ ಟಾಡಾ ಅಪರಾಧ ಬಿದ್ದುಹೋದರೂ, ಟಾಡಾದಡಿ ಪಡೆದ ತಪ್ಪೊಪ್ಪಿಗೆಗಳನ್ನು ಕೊಲೆಯ ಆರೋಪಕ್ಕೆ ಬಳಸಬಹುದೆಂದು ನ್ಯಾಯಾಲಯ ಒಪ್ಪಿತು. ವ್ಯಾಖ್ಯೆ ಸೋತರೂ ಕಾರ್ಯವಿಧಾನ ಗೆಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ. ಯುಎಪಿಎಯಲ್ಲಿ ಇಂಥ ತಪ್ಪೊಪ್ಪಿಗೆಯ ಸೆಕ್ಷನ್ ಇಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಟಾಡಾ ಮತ್ತು 2002ರ ಪೋಟಾ (ಭಯೋತ್ಪಾದನೆ ತಡೆ ಕಾಯ್ದೆ) ಎದುರಿಸಿದ ಕಟು ಟೀಕೆಯ ಫಲ ಅದು.

ವ್ಯಾಖ್ಯೆಯನ್ನು ಬಿಡಿಸಿ ನೋಡುವುದು

ಭಯೋತ್ಪಾದನೆ ಎಂದರೇನು ಎಂಬುದರ ಬಗ್ಗೆ ಜಗತ್ತಿನ ದೇಶಗಳಲ್ಲಿ ಇಂದಿಗೂ ಒಮ್ಮತವಿಲ್ಲ. ವಿಶ್ವಸಂಸ್ಥೆಯಲ್ಲಿ ಸಮಗ್ರ ಒಪ್ಪಂದವೊಂದರ ಕುರಿತ ಪ್ರಯತ್ನ 1996ರಿಂದ ನಡೆಯುತ್ತಿದ್ದು, ವ್ಯಾಖ್ಯೆಯ ವಿಷಯದಲ್ಲೇ ಸಿಕ್ಕಿಕೊಂಡಿದೆ. ಹೀಗಿರುವಾಗ 2001ರಲ್ಲಿ ಭದ್ರತಾ ಮಂಡಳಿಯ 1373ನೇ ನಿರ್ಣಯ, ಭಯೋತ್ಪಾದನಾ ಕೃತ್ಯಗಳನ್ನು ಗಂಭೀರ ಅಪರಾಧವಾಗಿ ಪರಿಗಣಿಸಬೇಕೆಂದು ಎಲ್ಲ ಸದಸ್ಯ ರಾಷ್ಟ್ರಗಳನ್ನೂ ಕಟ್ಟಿಹಾಕಿತು, ಆದರೆ ವ್ಯಾಖ್ಯೆಯನ್ನು ಕೊಡಲಿಲ್ಲ. ಪ್ರತಿ ಸರ್ಕಾರವೂ ತನಗೆ ಬೇಕಾದಂತೆ ಆ ಜಾಗವನ್ನು ತುಂಬಿಕೊಂಡಿತು.

ವ್ಯಾಖ್ಯೆಯನ್ನು ಓದುವಾಗ ಕೃತ್ಯ ಯಾವುದು, ಉದ್ದೇಶ ಯಾವುದು ಎಂದು ಎರಡಾಗಿ ಒಡೆದುಕೊಳ್ಳಬೇಕು. ಕೃತ್ಯದ ಭಾಗದಲ್ಲಿ ಸಾವು, ಗಾಯ, ಒತ್ತೆಯಾಳುಗಳಂಥ ಸ್ಪಷ್ಟ ಹಿಂಸೆಯಷ್ಟೇ ಇದೆಯೋ, ಆಸ್ತಿಹಾನಿ, ಸೇವೆಗಳಿಗೆ ಅಡ್ಡಿ ಮುಂತಾದವೂ ಸೇರಿವೆಯೋ ನೋಡಿ. ಉದ್ದೇಶದ ಭಾಗದಲ್ಲಿ ಒಂದೊಂದು ‘ಅಥವಾ’ದ ಮೇಲೂ ಬೆರಳಿಡಿ. ಯುಎಪಿಎಯ 15ನೇ ಸೆಕ್ಷನ್ ದೇಶದ ಏಕತೆ, ಭದ್ರತೆ, ಆರ್ಥಿಕ ಭದ್ರತೆಗಳಿಗೆ ಬೆದರಿಕೆಯೊಡ್ಡುವ ಉದ್ದೇಶವಿದ್ದರೆ ಮಾತ್ರ ಎನ್ನುವುದಿಲ್ಲ, ಬೆದರಿಕೆಯಾಗುವ ಸಂಭವವಿದ್ದರೂ ಸಾಕು ಎನ್ನುತ್ತದೆ. ಬಾಂಬು, ಸ್ಫೋಟಕ, ವಿಷಾನಿಲಗಳ ಪಟ್ಟಿ ಕೊಟ್ಟು, ಕೊನೆಯಲ್ಲಿ ‘ಬೇರೆ ಯಾವುದೇ ಸ್ವರೂಪದ ವಿಧಾನ’ವನ್ನೂ ಸೇರಿಸುತ್ತದೆ. ಪ್ರತಿಭಟನೆಯನ್ನು ಈ ವ್ಯಾಖ್ಯೆಯೊಳಗೆ ಎಳೆತರಬಹುದೇ ಎಂಬ ಕಾನೂನಿನ ಜಗಳವೆಲ್ಲ ಈ ಕೊನೆಯ ಪದಗಳ ಸುತ್ತ ನಡೆಯುತ್ತದೆ.

ಬಳಿಕ ವಿನಾಯಿತಿಯ ವಾಕ್ಯವೊಂದು ಇದೆಯೇ ಎಂದು ಹುಡುಕಿ. ಕೆನಡಾದ ದಂಡಸಂಹಿತೆ, ಸಾವುನೋವನ್ನು ಉಂಟುಮಾಡುವ ಉದ್ದೇಶವಿಲ್ಲದ ಪ್ರತಿಭಟನೆ, ಭಿನ್ನಮತ, ಮುಷ್ಕರಗಳಿಂದ ಸೇವೆಗಳಿಗೆ ಅಡ್ಡಿಯಾದರೂ ಅದು ಭಯೋತ್ಪಾದನೆಯಲ್ಲ ಎಂದು ಹೊರಗಿಟ್ಟಿದೆ. ನ್ಯೂಜಿಲೆಂಡ್‌ನ ಕಾಯ್ದೆಯಲ್ಲೂ ಅದೇ ಬಗೆಯ ರಕ್ಷಣೆಯ ಮಾತಿದೆ. ಭಾರತದ 15ನೇ ಸೆಕ್ಷನ್ನಿನಲ್ಲಿ ಅಂಥ ವಾಕ್ಯವಿಲ್ಲ. ಭದ್ರತೆಯ ಪರವಾಗಿ ವಾದಿಸುವವರು ಕೂಡ, ಇಂಥ ಒಂದು ವಾಕ್ಯವನ್ನು ಸೇರಿಸಿದರೆ ನಿಜವಾದ ಭಯೋತ್ಪಾದಕನಿಗೆ ಆಗುವ ಲಾಭವೇನು ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಚರ್ಚೆಯಲ್ಲಿ ಕೇಳಲು ಇದು ಒಳ್ಳೆಯ ಪ್ರಶ್ನೆ.

ಘೋಷಣೆ ಮತ್ತು ನಿಷೇಧದ ಪಟ್ಟಿಗಳ ವಿಷಯದಲ್ಲಿ ನೋಡಬೇಕಾದದ್ದು ಕಡಿಮೆ, ಆದರೆ ಬಿಡುವಂತಿಲ್ಲ. ಹೆಸರು ಸೇರಿಸುವವರು ಯಾರು, ಸೇರಿಸುವ ಮೊದಲು ಸಂಬಂಧಪಟ್ಟವರ ಮಾತು ಕೇಳುತ್ತಾರೆಯೇ, ತೆಗೆಸಿಕೊಳ್ಳಲು ಯಾರ ಬಳಿ ಹೋಗಬೇಕು? 2019ರ ತಿದ್ದುಪಡಿಯಡಿ ಕೇಂದ್ರ ಸರ್ಕಾರವೇ ಹೆಸರು ಸೇರಿಸುತ್ತದೆ. ತೆಗೆಯಿರೆಂಬ ಅರ್ಜಿಯೂ ಮೊದಲು ಅದೇ ಸರ್ಕಾರಕ್ಕೆ ಹೋಗಿ, ತಿರಸ್ಕೃತವಾದರೆ ಪುನರ್‌ಪರಿಶೀಲನಾ ಸಮಿತಿಯ ಮುಂದೆ ಬರುತ್ತದೆ.

ಕೊನೆಯ ದಿನಾಂಕ ಇದೆಯೇ?

‘ತಾತ್ಕಾಲಿಕ’ ಎಂಬ ಮಾತಿಗೆ ಈ ಕ್ಷೇತ್ರದಲ್ಲಿ ಬಹಳ ಕಡಿಮೆ ಬೆಲೆ. ಶ್ರೀಲಂಕಾದ ಭಯೋತ್ಪಾದನೆ ತಡೆ ಕಾಯ್ದೆ 1979ರಲ್ಲಿ ಮೂರು ವರ್ಷಗಳಿಗೆಂದು ಬಂದು 1982ರಲ್ಲಿ ಕಾಯಂ ಆಯಿತು. ಬ್ರಿಟನ್ನಿನ 1974ರ ‘ತಾತ್ಕಾಲಿಕ’ ಅಧಿಕಾರಗಳು ನವೀಕರಣಗೊಳ್ಳುತ್ತ, ಹೊಸ ರೂಪ ತಾಳುತ್ತ ಬಂದು, 2000ದ ಕಾಯ್ದೆಯಲ್ಲಿ ಶಾಶ್ವತ ನೆಲೆ ಕಂಡುಕೊಂಡವು. ಬರ್ಮಿಂಗ್‌ಹ್ಯಾಮ್ ಸ್ಫೋಟದಲ್ಲಿ ತಪ್ಪಾಗಿ ಶಿಕ್ಷೆಗೊಳಗಾದ ಆರು ಮಂದಿ 1991ರಲ್ಲಿ ಹೊರಬಂದಾಗ 16 ವರ್ಷಗಳು ಕಳೆದಿದ್ದವು. ಭಾರತದ ಕಥೆ ಇನ್ನೂ ಕುತೂಹಲಕರವಾದದ್ದು. ಟಾಡಾಗೆ ಅವಧಿ ಇತ್ತು, 1995ರಲ್ಲಿ ಅದನ್ನು ನವೀಕರಿಸದೆ ಬಿಟ್ಟರು. 2002ರಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಅಂಗೀಕಾರವಾದ ಪೋಟಾಗೂ ಅವಧಿ ಇತ್ತು, 2004ರಲ್ಲಿ ಅದನ್ನು ರದ್ದುಮಾಡಿದರು. ಆದರೆ ರದ್ದುಮಾಡಿದ ಹೊತ್ತಿನಲ್ಲೇ ಅದರ ಹಲವು ಸೆಕ್ಷನ್‌ಗಳನ್ನು ಅವಧಿಯೇ ಇಲ್ಲದ ಯುಎಪಿಎಗೆ ಸಾಗಿಸಿದರು. ಕಾಯ್ದೆ ರದ್ದಾಯಿತು ಎಂಬ ಸುದ್ದಿ ಬಂದಾಗ ಅದರ ಸೆಕ್ಷನ್‌ಗಳು ಎಲ್ಲಿಗೆ ಹೋದವು ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಹಳೆಯ ಪ್ರಕರಣಗಳೂ ಕಾಯ್ದೆಯೊಂದಿಗೆ ಮುಗಿಯುವುದಿಲ್ಲ: 1993ರ ಮುಂಬೈ ಸರಣಿ ಸ್ಫೋಟದ ಟಾಡಾ ತೀರ್ಪು ಹೊರಬಂದದ್ದು 2006ರಲ್ಲಿ, ಟಾಡಾ ಸತ್ತು ಹನ್ನೊಂದು ವರ್ಷಗಳಾದ ಮೇಲೆ.

ಅಂಕಿಗಳ ಜಗಳ

ಎರಡೂ ಕಡೆಯವರು ಶೇಕಡಾವಾರು ಲೆಕ್ಕ ಹಿಡಿದುಕೊಂಡು ಬರುತ್ತಾರೆ, ಆದ್ದರಿಂದ ಭಾಗಿಸಿದ ಸಂಖ್ಯೆ ಯಾವುದು ಎಂದು ಕೇಳದೆ ಯಾವ ಅಂಕಿಯನ್ನೂ ಒಪ್ಪಬೇಡಿ. ಕಲ್ಪಿತ ಉದಾಹರಣೆಯೊಂದನ್ನು ನೋಡಿ: 100 ಮಂದಿಯ ಬಂಧನವಾಗಿದೆ, ಅವರಲ್ಲಿ 10 ಮಂದಿಯ ವಿಚಾರಣೆ ಮುಗಿದಿದೆ, 9 ಮಂದಿಗೆ ಶಿಕ್ಷೆಯಾಗಿದೆ ಎಂದುಕೊಳ್ಳೋಣ. ತನಿಖಾ ಸಂಸ್ಥೆ ಶಿಕ್ಷೆಯ ಪ್ರಮಾಣ ಶೇ 90 ಎನ್ನುತ್ತದೆ, ವಿಮರ್ಶಕರು ಶೇ 9 ಎನ್ನುತ್ತಾರೆ, ಇಬ್ಬರದೂ ಸುಳ್ಳಲ್ಲ. ನಿಜವಾಗಿ ಚರ್ಚಿಸಬೇಕಾದದ್ದು ವಿಚಾರಣೆ ಮುಗಿಯದ ಆ 90 ಮಂದಿಯ ಬಗ್ಗೆ: ಅವರಲ್ಲಿ ಎಷ್ಟು ಮಂದಿ ಒಳಗಿದ್ದಾರೆ, ಎಷ್ಟು ಕಾಲದಿಂದ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ಬಾಕಿ ಪ್ರಕರಣಗಳ ಕೋಷ್ಟಕವಿರುತ್ತದೆ, ಸಂಸತ್ತಿನಲ್ಲಿ ಗೃಹ ಸಚಿವಾಲಯ ಕೊಡುವ ಲಿಖಿತ ಉತ್ತರಗಳೂ ಸಿಗುತ್ತವೆ. ಒಂದರಲ್ಲಿ ಪ್ರಕರಣಗಳ ಲೆಕ್ಕ, ಇನ್ನೊಂದರಲ್ಲಿ ವ್ಯಕ್ತಿಗಳ ಲೆಕ್ಕ ಇರಬಹುದು, ಅವೆರಡನ್ನು ಬೆರೆಸಬಾರದು.

ಪ್ರಕರಣವೊಂದರ ಸುದ್ದಿಯನ್ನು ಓದುವಾಗಲೂ ಹಂತ ಯಾವುದೆಂದು ಗುರುತಿಸಬೇಕು. ಎಫ್‌ಐಆರ್ ಎಂದರೆ ದೂರು ದಾಖಲಾಗಿದೆ ಎಂದಷ್ಟೇ ಅರ್ಥ. ಆರೋಪಪಟ್ಟಿ ಎಂದರೆ ಪೊಲೀಸರ ವಾದ. ಆರೋಪ ನಿಗದಿಯಾಯಿತು ಎಂದರೆ ವಿಚಾರಣೆ ನಡೆಸುವಷ್ಟು ವಿಷಯವಿದೆ ಎಂದು ನ್ಯಾಯಾಲಯಕ್ಕೆ ಅನಿಸಿದೆ. ಜಾಮೀನು ನಿರಾಕರಣೆಯನ್ನು ಅಪರಾಧ ಸಾಬೀತಾದಂತೆ, ಜಾಮೀನು ಮಂಜೂರಾತಿಯನ್ನು ಖುಲಾಸೆಯಂತೆ ಬಿಂಬಿಸುವ ತಲೆಬರಹಗಳು ದಿನವೂ ಕಾಣಿಸುತ್ತವೆ. ಜೊತೆಗೆ ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಟ್ಟರೇ ಎಂದೂ ನೋಡಿ. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಲೋಪದ ಕಾರಣಕ್ಕೇ ಯುಎಪಿಎ ಬಂಧನವನ್ನು ಅಸಿಂಧುಗೊಳಿಸಿತು. ಪ್ರಾಸಿಕ್ಯೂಷನ್‌ಗೆ 45ನೇ ಸೆಕ್ಷನ್ನಿನಡಿ ಸರ್ಕಾರದ ಅನುಮತಿ ಬೇಕು, ಅದಕ್ಕೂ ಮೊದಲು ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯವನ್ನು ಪರಿಶೀಲಿಸಬೇಕು. ಈ ಎರಡು ಹಂತಗಳಿಗೂ ತಲಾ ಏಳು ಕೆಲಸದ ದಿನಗಳ ಗಡುವು 2008ರ ನಿಯಮಗಳಲ್ಲಿದ್ದು, ಆ ಗಡುವು ಕಡ್ಡಾಯವೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಾದ ಮಂಡಿಸುವಾಗ

ಎದುರು ಪಕ್ಷದ ಅತ್ಯುತ್ತಮ ವಾದವನ್ನು ಮೊದಲು ನೀವೇ ಹೇಳಿ. ಭದ್ರತೆಯ ಪರವಾದ ವಾದಕ್ಕೆ ನಿಜವಾದ ಬಲವಿದೆ: ದಾಳಿ ನಡೆದ ಮೇಲೆ ಶಿಕ್ಷಿಸುವುದಕ್ಕಿಂತ ನಡೆಯುವ ಮೊದಲೇ ತಡೆಯಬೇಕು, ಸಾಕ್ಷಿಗಳಿಗೆ ಜೀವಭಯವಿರುತ್ತದೆ, ಹಣದ ಜಾಡು ಹಲವು ದೇಶಗಳಲ್ಲಿ ಹರಡಿರುವುದರಿಂದ ತನಿಖೆಗೆ ಹೆಚ್ಚು ಕಾಲ ಬೇಕು. ಇವನ್ನು ಒಪ್ಪಿಕೊಂಡ ಮೇಲೆ, ಈ ಅಗತ್ಯಕ್ಕೆ ಈ ಸೆಕ್ಷನ್ ಎಷ್ಟು ಹೊಂದುತ್ತದೆ ಎಂದು ಕೇಳಬಹುದು. ಸಾಕ್ಷಿಗಳ ರಕ್ಷಣೆಗಾಗಿ ಯುಎಪಿಎಯಲ್ಲೇ 44ನೇ ಸೆಕ್ಷನ್ ಇರುವಾಗ, ಅದೇ ಕಾರಣವನ್ನು ಜಾಮೀನು ನಿರಾಕರಣೆಗೂ ಎಷ್ಟರ ಮಟ್ಟಿಗೆ ಬಳಸಬಹುದು? ತನಿಖೆಗೆ 180 ದಿನ ಬೇಕೆಂದು ಒಪ್ಪಿದರೂ, ತನಿಖೆ ಮುಗಿದ ಮೇಲೆ ಐದು ವರ್ಷ ಒಳಗಿಡುವುದಕ್ಕೆ ಆ ವಾದ ಸಾಲುತ್ತದೆಯೇ?

ಹಾಗೆಯೇ ಹಕ್ಕುಗಳ ಪರ ಮಾತನಾಡುವವರು ‘ಕರಾಳ ಕಾನೂನು’ ಎಂಬ ಮಾತಿಗಷ್ಟೇ ನಿಲ್ಲಬಾರದು. ಇಡೀ ಕಾಯ್ದೆಯನ್ನು ರದ್ದುಮಾಡಿ ಎಂಬ ಬೇಡಿಕೆ ತಾತ್ತ್ವಿಕವಾಗಿ ಸರಿಯೆನಿಸಿದರೂ, ನಿರ್ದಿಷ್ಟ ಸೆಕ್ಷನ್ನನ್ನು ಹಿಡಿದು ಎಳೆದ ಚರ್ಚೆಗಳು ಹೆಚ್ಚು ಫಲ ಕೊಟ್ಟಿವೆ. ಆರೋಪ ಹೊರಿಸದೆ 90 ದಿನ ಬಂಧನದಲ್ಲಿಡುವ ಅಧಿಕಾರ ಬೇಕೆಂದು ಬ್ರಿಟನ್ನಿನ ಟೋನಿ ಬ್ಲೇರ್ ಸರ್ಕಾರ 2005ರಲ್ಲಿ ಕೇಳಿದಾಗ, ಲಂಡನ್ ಸಾರಿಗೆಯ ಮೇಲೆ ಬಾಂಬ್ ದಾಳಿ ನಡೆದು ನಾಲ್ಕೇ ತಿಂಗಳಾಗಿತ್ತು. ಆದರೂ ಸಂಸತ್ತು ಅದನ್ನು ತಿರಸ್ಕರಿಸಿ 28 ದಿನಗಳಿಗೆ ಒಪ್ಪಿತು. 2008ರಲ್ಲಿ 42 ದಿನಗಳ ಪ್ರಸ್ತಾಪ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬಿದ್ದುಹೋಯಿತು, ನಂತರದ ವರ್ಷಗಳಲ್ಲಿ ಮಿತಿ 14 ದಿನಗಳಿಗೆ ಇಳಿಯಿತು. ಅಲ್ಲಿನ ಭಯೋತ್ಪಾದನಾ ಕಾನೂನುಗಳಿಗೆ ಸ್ವತಂತ್ರ ಪರಿಶೀಲಕರೊಬ್ಬರಿದ್ದು, ಅವರ ವಾರ್ಷಿಕ ವರದಿ ಸಂಸತ್ತಿನ ಮುಂದೆ ಬರುತ್ತದೆ. ಅಂಥ ಹುದ್ದೆ ಭಾರತಕ್ಕೂ ಬೇಕೆಂದು ಕೇಳುವುದು ನನ್ನ ಮಟ್ಟಿಗೆ ಅತ್ಯಂತ ಕಡಿಮೆ ವಿವಾದದ, ಅತ್ಯಂತ ಉಪಯುಕ್ತ ಬೇಡಿಕೆ.

ಮಸೂದೆ ಸಂಸದೀಯ ಸ್ಥಾಯಿ ಸಮಿತಿಯ ಮುಂದಿದ್ದಾಗ ಲಿಖಿತ ಅಭಿಪ್ರಾಯ ಕಳಿಸುವುದು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಎರಡು ಪುಟ ಮೀರದಿರಲಿ. ಯಾವ ಖಂಡ, ಅದರ ಈಗಿನ ಪದಗಳೇನು, ನೀವು ಬಯಸುವ ಪದಗಳೇನು, ಆ ಬದಲಾವಣೆಯಿಂದ ತನಿಖೆಗೆ ಅಡ್ಡಿಯಾಗದು ಎನ್ನಲು ಕಾರಣವೇನು ಎಂಬುದನ್ನು ಇದೇ ಕ್ರಮದಲ್ಲಿ ಬರೆಯಿರಿ. 2023ರ ಆಗಸ್ಟ್‌ನಲ್ಲಿ ಮಂಡನೆಯಾದ ಭಾರತೀಯ ನ್ಯಾಯ ಸಂಹಿತೆಯ ಮೊದಲ ಕರಡಿನಲ್ಲಿ ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರುವುದನ್ನೂ ಭಯೋತ್ಪಾದನೆಯ ವ್ಯಾಖ್ಯೆಯೊಳಗೆ ತರುವ ಪದಗಳಿದ್ದವು. ಮಸೂದೆ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಗಿ ಬಂದು, ಡಿಸೆಂಬರ್‌ನಲ್ಲಿ ಹೊಸದಾಗಿ ಮಂಡನೆಯಾದಾಗ ಆ ವ್ಯಾಖ್ಯೆ ಕಿರಿದಾಗಿ, ಯುಎಪಿಎಯ 15ನೇ ಸೆಕ್ಷನ್ನಿಗೆ ಹತ್ತಿರವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಅದರ 113ನೇ ಸೆಕ್ಷನ್ನಿನಲ್ಲಿ ಇನ್ನೂ ಒಂದು ಪ್ರಶ್ನೆ ಉಳಿದಿದೆ: ಒಂದೇ ಕೃತ್ಯಕ್ಕೆ ಆ ಸೆಕ್ಷನ್ನಿನಡಿ ಪ್ರಕರಣ ದಾಖಲಿಸಬೇಕೋ ಯುಎಪಿಎಯಡಿಯೋ ಎಂಬುದನ್ನು ಸೂಪರಿಂಟೆಂಡೆಂಟ್ ದರ್ಜೆಗಿಂತ ಕೆಳಗಿಲ್ಲದ ಪೊಲೀಸ್ ಅಧಿಕಾರಿ ತೀರ್ಮಾನಿಸುತ್ತಾರೆ, ಆದರೆ ಆ ಆಯ್ಕೆಗೆ ಮಾನದಂಡವೇನೆಂದು ಸೆಕ್ಷನ್ ಹೇಳುವುದಿಲ್ಲ. 43ಡಿಯ ಜಾಮೀನು ನಿರ್ಬಂಧ ಒಂದಕ್ಕಿದೆ, ಇನ್ನೊಂದಕ್ಕಿಲ್ಲ. ಮುಂದಿನ ತಿದ್ದುಪಡಿಯ ಹೊತ್ತಿಗೆ ಪತ್ರ ಬರೆಯುವವರು ಈ ಸಾಲಿನಿಂದಲೇ ಆರಂಭಿಸಬಹುದು.